ಬಾಡಿಗೆ ಮನೆಗೊಂದು ಪ್ರವೇಶ ಪರೀಕ್ಷೆ

ಎದುರಿಗೆ ನಿಂತವರಿಗೆ ‘ಆಗಲ್ಲ’ ಎನ್ನುವುದು ನನ್ನಿಂದ ಸಾಧ್ಯವೇ ಇಲ್ಲ. ಸಿಂಗಸಂದ್ರದ ನಮ್ಮ ಮನೆಯ ಮೇಲಿನ ಮಹಡಿಯನ್ನು ಹಿಂದಿನ ಸಲ ಹೀಗೇ ಹೂಂ ಅಂದು ಒಬ್ಬನಿಗೆ ಬಾಡಿಗೆಗೆ ಕೊಟ್ಟೆ; ಆ ಪುಣ್ಯಾತ್ಮ ಬೆಳಗಾದರೆ ಡ್ರಮ್ ಬಾರಿಸುತ್ತಿದ್ದ. ಈ ಸಲ ಮನೆ ಖಾಲಿಯಾದಾಗ ಹೆಂಡತಿ ಸುಮಾ ಖಡಾಖಂಡಿತವಾಗಿ ಹೇಳಿಬಿಟ್ಟಳು: “ನೋಡ್ರೀ, ಆಷಾಢ ಬಂದ್ರೆ ಒಂದು ನರಪಿಳ್ಳೆನೂ ಮನೆ ಬದಲಾಯ್ಸಲ್ಲ. ಅಷ್ಟರೊಳಗೆ ಒಳ್ಳೆಯವರನ್ನ ಹುಡುಕಿ.”

ಆಗ ಹೊಳೆಯಿತು ನೋಡಿ! ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಕಂಪನಿಯಲ್ಲಿ ಕೆಲಸ ಕೇಳಿ ಬಂದವರಿಗೆಲ್ಲ ಒಂದೇ ಪ್ರಶ್ನೆಪತ್ರಿಕೆ, ಒಂದೇ ಪಾಸ್ ಮಾರ್ಕು. ಬೇಡ ಎನ್ನುವ ಪಾಪವನ್ನು ಪತ್ರಿಕೆಯೇ ಹೊತ್ತುಕೊಳ್ಳುತ್ತದೆ. ಎಂಥ ಅದ್ಭುತ ವ್ಯವಸ್ಥೆ! ಕುಣಿಯುವಷ್ಟು ಖುಷಿಯಾಗಿ, ಊಟವನ್ನೂ ಮರೆತು ಪತ್ರಿಕೆ ತಯಾರಿಸಿದೆ. ಸಂಪಿನಲ್ಲಿ ನೀರು ಖಾಲಿಯಾದರೆ ಏನು ಮಾಡುವಿರಿ? ಒದ್ದೆ ಟವೆಲ್ ಎಲ್ಲಿ ಹಾಕುವಿರಿ? ಮೋಟಾರ್ ಹಾಕಿದವರು ಎಷ್ಟು ಹೊತ್ತಿಗೆ ಆರಿಸಬೇಕು? ಪ್ರತಿಯೊಂದಕ್ಕೂ ನಾಲ್ಕು ಉತ್ತರ. ಸರಿಯಾದುದಕ್ಕೆ ಟಿಕ್ ಹಾಕಬೇಕು.

ಮೊದಲು ಬಂದವರು ಚಂದಾಪುರದ ಕಾರ್ಖಾನೆಯಲ್ಲಿ ದುಡಿಯುವ ರಾಯಚೂರಿನ ಮಲ್ಲಪ್ಪ. “ಮನಿ ನೋಡಾಕ ಬಂದೀನ್ರೀ ಸಾಹೇಬ್ರ, ನೌಕರಿಗಲ್ಲ,” ಎಂದು ನಕ್ಕರೂ ಬರೆದರು. ನೀರು ಖಾಲಿಯಾದರೆ ಪಕ್ಕದ ಮನೆಯವರನ್ನು ಕೇಳುತ್ತಾರಂತೆ! ನನ್ನ ಪ್ರಕಾರ ತಾಳ್ಮೆಯಿಂದ ಕಾಯುವುದೇ ಸರಿಯಾದ ಉತ್ತರ. ಒಂದು ಮಾರ್ಕಿನಲ್ಲಿ ಫೇಲ್. “ಮಾರ್ಕ್ ಬಂದಿಲ್ಲಂದ್ರ ನೀವರ ಏನ್ ಮಾಡ್ತೀರಿ,” ಎಂದು ನನ್ನನ್ನೇ ಸಮಾಧಾನಪಡಿಸಿ ಹೋದರು. ಎಷ್ಟು ಒಳ್ಳೆಯ ಮನುಷ್ಯರು ಎಂದು ಸುಮಾ ಗೊಣಗಿದಳು. ನಿಯಮ ನಿಯಮವೇ ಎಂದೆ. ಆಮೇಲೆ ಬಂದವರೂ ಒಬ್ಬೊಬ್ಬರಾಗಿ ಫೇಲಾದರು. ಯಾರ ಜೊತೆಗೂ ಜಗಳವಿಲ್ಲ, ಮುನಿಸಿಲ್ಲ. ನನಗೆ ಸ್ವರ್ಗ ಮೂರೇ ಗೇಣು!

ಅಷ್ಟರಲ್ಲಿ ಸುಮಾಳ ತಮ್ಮ ರಮೇಶನೇ ಮನೆ ಕೇಳಿ ಬಂದ. ಅವನನ್ನೂ ನಿರ್ದಾಕ್ಷಿಣ್ಯವಾಗಿ ಫೇಲ್ ಮಾಡಿದೆ. ಅವನು ಗೇಟು ದಾಟುತ್ತಿದ್ದಂತೆ ಸುಮಾ ಪತ್ರಿಕೆಯನ್ನು ನನ್ನ ಮುಂದಿಟ್ಟಳು.

“ರೂಲ್ಸ್ ಎಲ್ರಿಗೂ ಒಂದೇ ತಾನೇ? ನೀವೂ ಬರೀರಿ.”

ನನ್ನದೇ ಪತ್ರಿಕೆ! ಉತ್ಸಾಹದಿಂದ ಬರೆದು ನೂರಕ್ಕೆ ನೂರು ತೆಗೆದೆ. ಆಕೆ ಒಳಗೆ ಹೋಗಿ, ಹಾಸಿಗೆಯ ಮೇಲಿದ್ದ ನನ್ನ ಒದ್ದೆ ಟವೆಲನ್ನು ಎರಡು ಬೆರಳಲ್ಲಿ ಹಿಡಿದು ತಂದಳು.

“ಥಿಯರಿ ಪಾಸು, ಪ್ರಾಕ್ಟಿಕಲ್ ಫೇಲು. ಪಾಸಾಗೋ ತನಕ ಮೇಲೇ ಇರಿ.”

ಈಗ ಆಷಾಢ. ಹೊಸದಾಗಿ ಮದುವೆಯಾದವರು ದೂರವಿರುವ ತಿಂಗಳು. ನಮ್ಮಲ್ಲಿ ಹಳಬರೂ ದೂರ. ಖಾಲಿ ಮಹಡಿಯಲ್ಲಿ ಚಾಪೆ ಹಾಸಿಕೊಂಡು ಭಾನುವಾರದ ಮರುಪರೀಕ್ಷೆಗೆ ಶ್ರದ್ಧೆಯಿಂದ ಓದುತ್ತಿದ್ದೇನೆ. ಟ್ಯಾಂಕು ತುಂಬಿ ನೀರು ಧೋ ಎಂದು ಸುರಿಯುತ್ತಿದೆ. ಯಾರಪ್ಪಾ ಈ ಬೇಜವಾಬ್ದಾರಿ ಮನುಷ್ಯ ಎಂದುಕೊಳ್ಳುವಷ್ಟರಲ್ಲಿ ಕೆಳಗಿನಿಂದ ಸುಮಾಳ ಕೂಗು:

“ರೀ, ಮೋಟಾರ್ ಹಾಕಿದ್ದು ನೀವೇ ತಾನೇ?”