ಬಾಯಿಸಾಹೇಬರ ಒಡಪು

ನಮ್ಮ ಬಾಯಿಸಾಹೇಬರಿಗೆ ಅರೆಹುಚ್ಚು ಎಂದು ಬೆಳಗಾವಿಯ ಕ್ಯಾಂಪಿನವರೆಲ್ಲ ಆಡಿಕೊಳ್ಳುತ್ತಿದ್ದರು. ಶುದ್ಧ ಸುಳ್ಳು! ಅರೆಯಲ್ಲ, ಪೂರ್ತಿ. ಇಲ್ಲದಿದ್ದರೆ ಊರಲ್ಲಿ ಅಷ್ಟು ಜನ ಪಂಡಿತರಿರುವಾಗ ಕನ್ನಡ ಕಲಿಯಲು ನನ್ನಂಥವನನ್ನು ಹುಡುಕಿಕೊಂಡು ಬರುತ್ತಿದ್ದರೇ?

ಅವರ ಯಜಮಾನರು ವಿಲಾಯತಿಯಿಂದ ಬಂದ ಮಿಶನ್ನಿನ ಪಾದ್ರಿ. ಬಲು ಗಂಭೀರ ಮನುಷ್ಯ. ಕನ್ನಡದಲ್ಲಿ ಅವರಿಗೆ ಬರುತ್ತಿದ್ದದ್ದು ‘ನಮಸ್ಕಾರ’ ಮತ್ತು ‘ಬಿಸಿನೀರು’ ಮಾತ್ರ. ಉಳಿದದ್ದಕ್ಕೆಲ್ಲ ದುಭಾಷಿ ನಾನೇ. ಅವರು ಒಂದು ಮಾತು ಹೇಳಿದರೆ ನಾನು ಹತ್ತು ಹೇಳುತ್ತಿದ್ದೆ, ನಡುವೆ ನನ್ನದೇ ಒಂದೆರಡು ಉಪದೇಶ ಬೇರೆ. ಜನ ತಲೆದೂಗುತ್ತಿದ್ದರು. ತೂಕಡಿಕೆಯೂ ಇದ್ದೀತು, ನಾನು ವಿಚಾರಿಸಲು ಹೋಗಲಿಲ್ಲ.

ಇನ್ನು ಬಾಯಿಸಾಹೇಬರು? ಅವರು ತುಟಿ ಬಿಚ್ಚುವಷ್ಟರಲ್ಲಿ ಪಾದ್ರಿಯವರು ಇಂಗ್ಲಿಷಿನಲ್ಲಿ, ನಾನು ಕನ್ನಡದಲ್ಲಿ, ಅವರ ಮಾತನ್ನು ಮುಗಿಸಿಬಿಟ್ಟಿರುತ್ತಿದ್ದೆವು. ಪಾಪ, ಅವರು ಹಿತ್ತಲಿಗೆ ಹೋಗಿ ಗೌಳಿಯ ಎಮ್ಮೆಯ ಜೊತೆ ಮಾತಾಡುತ್ತ ನಿಲ್ಲುತ್ತಿದ್ದರು. “ಎಮ್ಮೆಯವರೇ, ತಾವು ಕ್ಷೇಮವೇ?” ಎಂದು ನಾನು ಕಲಿಸಿದ ಗ್ರಂಥಭಾಷೆಯಲ್ಲೇ!

“ಇದೇನ್ರಿ ಬಾಯಿಸಾಹೇಬ್ರ?” ಎಂದು ಕೇಳಿದೆ.

“ಎಮ್ಮೆ ನಡುವೆ ಬಾಯಿ ಹಾಕುವುದಿಲ್ಲ, ಮಾಸ್ತರರೇ,” ಎಂದು ನನ್ನನ್ನೇ ನೋಡಿದರು. ನಾನು ಎಮ್ಮೆಯನ್ನು ನೋಡಿದೆ. ಅದೂ ನನ್ನನ್ನೇ ನೋಡುತ್ತಿತ್ತು.

ದೀಪಾವಳಿಗೆ ಖಾನಾಪುರದ ಒಬ್ಬ ಅಜ್ಜಿ ಬಾಯಿಸಾಹೇಬರನ್ನು ಮನೆಗೆ ಕರೆದಳು. ಪಾದ್ರಿಯವರೂ ನಾನೂ ಜೊತೆಗೆ ಹೋಗಿ ಅಂಗಳದ ಬೇವಿನ ಕಟ್ಟೆಯ ಮೇಲೆ ಕುಳಿತೆವು. ಬಾಗಿಲಲ್ಲಿ ಅಜ್ಜಿ ಎರಡೂ ಕೈ ಅಡ್ಡ ಚಾಚಿ ನಿಂತಳು. “ಗಂಡನ ಹೆಸರ ಹೇಳ್ರಿ, ಆಮ್ಯಾಲೆ ಹೊಸ್ತಿಲಾ ದಾಟ್ರಿ!”

ನಮ್ಮ ಹೆಂಗಸರು ವರ್ಷವಿಡೀ ಗಂಡನ ಹೆಸರೆತ್ತುವುದಿಲ್ಲ. ಹಬ್ಬದ ದಿನ ಮಾತ್ರ, ಎರಡು ಸಾಲಿನ ಪದ ಕಟ್ಟಿ, ಅದರೊಳಗೆ ಹೆಸರನ್ನು ಮೆಲ್ಲಗೆ ಸೇರಿಸಿ ಹೇಳಬೇಕು. ಅದೇ ಒಡಪು. ಇದನ್ನು ಶಿಷ್ಯೆಗೆ ಕಲಿಸಬೇಕೆಂದು ಈ ಮಹಾಪಂಡಿತನಿಗೆ ಹೊಳೆದಿರಲೇ ಇಲ್ಲ. ಹೆಸರು ತಾನೇ ಎಂದು ಅವರು ಗಟ್ಟಿಯಾಗಿ, ಸ್ಪಷ್ಟವಾಗಿ ಹೇಳಿಬಿಟ್ಟರು: “ಜಾನ್!”

ಕಟ್ಟೆಯ ಮೇಲಿದ್ದ ಪಾದ್ರಿಯವರು ಹೆಂಡತಿ ಕೂಗಿದಳೆಂದು ತಿಳಿದು, ಟೊಪ್ಪಿಗೆ ಹಿಡಿದುಕೊಂಡು ಬಾಗಿಲಿಗೆ ಓಡಿಯೇ ಹೋದರು! ಹೆಂಗಸರು ಸೆರಗು ಎಳೆದುಕೊಂಡು ಒಳಗೆ ಚದುರಿದರು. “ಅಯ್ಯ ಶಿವನ! ನಾಯಿ ಕರದಂಗ ಕರದ್ಲಲ್ಲ, ಅಂವಾ ಬಂದೂ ಬಿಟ್ನಲ್ಲ!” ಎಂದಳು ಅಜ್ಜಿ. ಬಾಗಿಲು ಬಿತ್ತು.

ತಿರುಗಿ ಬರುವಾಗ ರೈಲಿನಲ್ಲಿ ಪಾದ್ರಿಯವರು ತೀರ್ಮಾನ ಹೇಳಿಬಿಟ್ಟರು. ಈ ದೇಶ ಆಕೆಗೆ ಒಗ್ಗಲಿಲ್ಲ, ಎರಡು ವರ್ಷವಾದರೂ ಒಬ್ಬ ಗೆಳತಿಯಿಲ್ಲ, ಬೇಸಿಗೆಯ ಹಡಗಿಗೆ ತಾಯಿಯ ಮನೆಗೆ ಹೊರಡಲಿ. ಅವರದು ಸಿಟ್ಟಲ್ಲ, ಕಾಳಜಿಯೇ. ಬಾಯಿಸಾಹೇಬರು ಕಿಟಕಿಯಾಚೆ ನೋಡುತ್ತ, “ಸಂಕ್ರಾಂತಿಯವರೆಗೆ ತಡೆಯಿರಿ. ಆ ಮನೆಯ ಒಳಗೆ ನಾನೊಬ್ಬಳೇ ಹೋಗಬೇಕು,” ಎಂದರು.

ಶಿಷ್ಯೆಯ ಮಾನ ಗುರುವಿನ ಮಾನವಲ್ಲವೇ! ನಾನೇ ಒಂದು ಒಡಪು ಕಟ್ಟಿದೆ. “ಸಕಲಗುಣಸಂಪನ್ನ, ಸುಜನಮಾನಸರಾಜಹಂಸ, ಪಶ್ಚಿಮದಿಗಂತಭಾಸ್ಕರ...” ಹೀಗೆ ಹೊರಟದ್ದು ಜಾನ್ ಸಾಹೇಬರನ್ನು ಮುಟ್ಟುವಷ್ಟರಲ್ಲಿ ನನಗೇ ಏದುಸಿರು ಬಂತು. ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ಬಾಯಿಸಾಹೇಬರು ಪೂರ್ತಿ ಕೇಳಿ, “ಚೆನ್ನಾಗಿದೆ. ಇದರಲ್ಲಿ ನಾನು ಎಲ್ಲಿದ್ದೇನೆ, ಮಾಸ್ತರರೇ?” ಎಂದರು.

ಅಡಿಗೆಮನೆಯಿಂದ ನನ್ನ ಹೆಂಡತಿಯ ನಗು ಕೇಳಿಸಿತು. “ಗಂಡಸರು ಒಡಪ ಕಟ್ಟಿದ್ರ ಹೆಂಗಸರು ಮೀಸಿ ತಿರುವಬೇಕಾಗತೈತ್ರಿ! ಒಳಗ ಬರ್ರಿ ಬಾಯಿಸಾಹೇಬ್ರ, ರೊಟ್ಟಿ ಬಡಿಯೂಣು.”

ಅಂದಿನಿಂದ ಪಾಠವೆಲ್ಲ ಒಲೆಯ ಮುಂದೆಯೇ ನಡೆಯಿತು. ಪಡಸಾಲೆಯಲ್ಲಿ ಕುಳಿತು ಸಂಬಳ ತೆಗೆದುಕೊಳ್ಳುವ ಕಷ್ಟದ ಕೆಲಸ ಮಾತ್ರ ನನಗೆ ಉಳಿಯಿತು. ಒಳಗಿನಿಂದ ನಗು ಕೇಳಿಸುತ್ತಿತ್ತು. ನಾನು ಕೆಮ್ಮಿದರೆ ನಿಲ್ಲುತ್ತಿತ್ತು.

ಸಂಕ್ರಾಂತಿ ಬಂತು. ಅದೇ ಮನೆ, ಅದೇ ಕಟ್ಟೆಯ ಮೇಲೆ ನಾವಿಬ್ಬರು. ಅಜ್ಜಿ ಮತ್ತೆ ಕೈ ಅಡ್ಡ ಚಾಚಿದಳು. ಅವಳ ಹಿಂದೆ ಕುಸುರೆಳ್ಳಿನ ತಟ್ಟೆ ಹಿಡಿದ ಹೆಂಗಸರ ಗುಂಪು. ಬಾಯಿಸಾಹೇಬರು ಗಂಟಲು ಸರಿಮಾಡಿಕೊಂಡರು.

“ಚಹಾದಾಗ ಸಕ್ಕರಿ ಹಾಕಾಕ ಮರೀತೀನಿ,
ಜಾನ್ ಸಾಹೇಬ್ರು ಪ್ರವಚನಾ ಸುರು ಮಾಡಿದ್ರ ಕುಂತಲ್ಲೇ ತೂಕಡಸ್ತೀನಿ!”

ಏನು ನಗು, ಏನು ಚಪ್ಪಾಳೆ! ಪಾದ್ರಿಯವರು ನನ್ನನ್ನು ತಿವಿದು ಏನೆಂದು ಕೇಳಿದರು. “ನಿಮ್ಮದೇ ಗುಣಗಾನ,” ಎಂದೆ. ಸಂಬಳದ ಮನುಷ್ಯ, ಇನ್ನೇನು ಹೇಳಲಿ? ಅಷ್ಟು ಚಂದದ ಒಡಪಿನಲ್ಲಿ ನಾನು ಕಲಿಸಿದ ಒಂದು ಪದವೂ ಇಲ್ಲವಲ್ಲ ಎಂದು ನನಗೆ ಹೊಟ್ಟೆ ಉರಿಯುತ್ತಿತ್ತು.

“ಇಷ್ಟಕ್ಕ ಬಿಡಾಂಗಿಲ್ಲ, ಇನ್ನೊಂದ ಹೇಳ್ರಿ!” ಎಂದಳು ಅಜ್ಜಿ.

ಬಾಯಿಸಾಹೇಬರು ತಲೆ ತಗ್ಗಿಸಿದರು. ಮರೆತರೆಂದುಕೊಂಡು ಪಾದ್ರಿಯವರೂ ನಾನೂ ಎದ್ದೆವು. ಅವರು ತಿರುಗದೆಯೇ ನಮ್ಮತ್ತ ಅಂಗೈ ಎತ್ತಿ ತಡೆದರು.

“ಬೆಳಗಾಂವಿ ಮಣ್ಣಾಗ ಮಲಗಿಸೇನಿ ಮಗಳು ರೂಥನ್ನ,
ಜಾನ್ ಸಾಹೇಬ್ರು ಕಳಸ್ತೀನಂದ್ರ ಬಿಟ್ಟ ಹ್ಯಾಂಗ ಹೋಗ್ಲಿ ಈ ಊರನ್ನ?”

ಅವರು ಬೆಳಗಾವಿಗೆ ಬಂದ ಮೊದಲ ಮಳೆಗಾಲದಲ್ಲೇ ಜ್ವರ ಬಂದು ಹೋದ ಕೂಸು ಅದು. ನಾನು ಅವರ ಬಂಗಲೆಗೆ ಕಾಲಿಡುವ ಮೊದಲಿನ ಸಂಗತಿ, ಅಡಿಗೆಯವನಿಂದ ಕೇಳಿದ್ದೆ. ಆ ಹೆಸರನ್ನು ಅಲ್ಲಿ ಯಾರೂ ಎತ್ತುತ್ತಿರಲಿಲ್ಲ. ಪಾದ್ರಿಯವರು ಅರ್ಥ ಕೇಳಲಿಲ್ಲ. ಹೆಸರು ಕಿವಿಗೆ ಬಿದ್ದಿತ್ತು. ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕುಳಿತರು. ಅವರ ಗಡ್ಡ ತೊಯ್ಯುತ್ತಿತ್ತು.

ಬಾಗಿಲಲ್ಲಿ ಯಾರೂ ನಗಲಿಲ್ಲ. ಅಜ್ಜಿ ಅಡ್ಡ ಚಾಚಿದ್ದ ಕೈಗಳನ್ನು ಇಳಿಸಿ, ಅದೇ ಕೈಗಳಿಂದ ಬಾಯಿಸಾಹೇಬರ ಕೈ ಹಿಡಿದುಕೊಂಡಳು.

“ಒಳಗ ಬಾ ನನ್ನವ್ವ. ನನ್ನವೂ ಎರಡ ಕೂಸು ಹೊಲದ ಬದುವಿನಾಗ ಮಲಗ್ಯಾವ. ಕುಂದರ ಬಾ, ಅವುಗೋಳ ಹೆಸರ ಹೇಳ್ತೀನಿ.”