ಕೆಲಸದ ಅರ್ಜಿಗೆ ನಾಲ್ಕು ಪ್ರತಿ

ಅರ್ಜಿ ಬರೆಯುವುದರಲ್ಲಿ ಮರಳವಾಡಿಯ ಸುತ್ತಮುತ್ತ ನನ್ನನ್ನು ಮೀರಿಸುವವರಿರಲಿಲ್ಲ. ವೃದ್ಧಾಪ್ಯ ವೇತನ, ಖಾತೆ ಬದಲಾವಣೆ, ಕೆಟ್ಟ ಬೋರ್‌ವೆಲ್, ಎಲ್ಲಕ್ಕೂ ನನ್ನ ಪೆನ್ನೇ ಬೇಕಿತ್ತು. ಹಾರೋಹಳ್ಳಿ ಕಡೆ ಕಾರ್ಖಾನೆಗಳು ಒಂದೊಂದಾಗಿ ಏಳುತ್ತಿದ್ದ ಕಾಲ. ಅಲ್ಲೊಂದು ಕಡೆ ಸ್ಟೋರ್ ಗುಮಾಸ್ತನ ಕೆಲಸಕ್ಕೆ ಬಯೋಡಾಟಾ, ಜೊತೆಗೊಂದು ಪತ್ರ ಕಳಿಸಿ ಎಂದಾಗ, ಕೆಲಸ ಸಿಕ್ಕೇಬಿಟ್ಟಿತು ಎಂದುಕೊಂಡೆ.

ಸಿಗಲೇಬೇಕಿತ್ತು ಕೂಡ. ಮದುವೆಯಾದಾಗಿನಿಂದ ನಮ್ಮ ಮನೆಗೆ ರಾಗಿ ಮಾವನ ಊರಿನಿಂದಲೇ ಬರುತ್ತಿತ್ತು. ಮೂಟೆಯ ಜೊತೆ ಮಾವನೂ ಬರುತ್ತಿದ್ದರು. "ಎಲ್ಲಾದ್ರೂ ಕೆಲ್ಸ ಆಯ್ತೇನಪ್ಪಾ?" ಎಂದು ಕೇಳಿಯೇ ಮೂಟೆ ಇಳಿಸುತ್ತಿದ್ದರು. ಆ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಪತ್ರವನ್ನು ಪದ್ಧತಿಯಂತೆ ಬರೆದೆ. ಮೊದಲು ನನ್ನ ಬಡತನ, ಆಮೇಲೆ ತಾಯಿಯ ಮಂಡಿನೋವು. ಕೆಲಸ ಬೇಕೆಂಬ ವಿಷಯ ಎರಡನೇ ಪುಟದ ಕೊನೆಗೆ ಬಂತು. 'ಹದಿನೈದು ದಿನದೊಳಗೆ ಸೂಕ್ತ ಕ್ರಮ ಕೈಗೊಳ್ಳದಿದ್ದಲ್ಲಿ ಮುಂದಿನ ಆಗುಹೋಗುಗಳಿಗೆ ತಾವೇ ಜವಾಬ್ದಾರರು' ಎಂದು ಮುಗಿಸಿದೆ. ಆ ಸಾಲಿಲ್ಲದೆ ಯಾವ ಕಚೇರಿಯಲ್ಲೂ ಕಡತ ಅಲುಗಾಡುವುದಿಲ್ಲ! ಕೆಳಗೆ ಪ್ರತಿಗಳು: ಶಾಸಕರಿಗೆ, ತಹಶೀಲ್ದಾರರಿಗೆ, ಪೊಲೀಸ್ ಠಾಣೆಗೆ, ಗ್ರಾಮ ಪಂಚಾಯಿತಿಗೆ.

ಹೆಂಡತಿ ಜಯಮ್ಮ ಓದಿ ನೋಡಿದಳು. "ಇದು ಕೆಲ್ಸ ಕೇಳೋ ಕಾಗ್ದಾನೋ, ಕಾಲ್ ಕೆರ್ಕಂಡ್ ಜಗಳಕ್ ಹೋಗೋ ಕಾಗ್ದಾನೋ?" ಎಂದಳು. ಪಾಪ, ಕಚೇರಿ ಭಾಷೆ ಅವಳಿಗೇನು ಗೊತ್ತು ಎಂದುಕೊಂಡು ಎಲ್ಲವನ್ನೂ ಅಂಚೆಗೆ ಹಾಕಿದೆ.

ವಾರದೊಳಗೇ ಕಾರ್ಖಾನೆಯ ಜೀಪು ಮನೆ ಬಾಗಿಲಿಗೆ ಬಂತು! ಊರೆಲ್ಲ ನೋಡುತ್ತಿರುವಾಗ ಮುಂದಿನ ಸೀಟಿನಲ್ಲಿ ಕೂತು ಹೋದೆ. ಮ್ಯಾನೇಜರ್ ಎದ್ದು ನಿಂತು ಕೈಮುಗಿದರು. ಕಾಫಿ ಬಂತು, ಬಿಸ್ಕತ್ತು ಬಂತು. ತಹಶೀಲ್ದಾರರ ಕಚೇರಿಯಿಂದ ಅವರಿಗೆ ಫೋನ್ ಹೋಗಿತ್ತೆಂದು ನನಗೆ ತಿಳಿದದ್ದು ಆಮೇಲೆ.

"ನಮ್ಮ ಕಾರ್ಖಾನೆಯಿಂದ ತಮಗೇನು ತೊಂದರೆ? ಹೊಗೆಯೋ, ನೀರೋ?" ಎಂದು ಮೆಲ್ಲಗೆ ಕೇಳಿದರು.

"ನಂಗೊಂದ್ ಕೆಲ್ಸ ಕೊಟ್ಬುಟ್ರೆ ಯಾವ್ ತೊಂದ್ರೆನೂ ಇರಕಿಲ್ಲ ಸಾರ್," ಎಂದೆ.

ಮ್ಯಾನೇಜರ್ ಬಿಸ್ಕತ್ತಿನ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ವಾಪಸು ಬರಲು ಜೀಪಿರಲಿಲ್ಲ. ಬಸ್ಸಿನಲ್ಲಿ ನಿಂತುಕೊಂಡು ಬಂದೆ.

ಗಡುವಿನೊಳಗೇ ಅವರು ಸೂಕ್ತ ಕ್ರಮ ಕೈಗೊಂಡರು. 'ತಮ್ಮ ಅರ್ಜಿಯನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ, ತಮಗೆ ಕೆಲಸ ನೀಡಲು ಸಾಧ್ಯವಿಲ್ಲವೆಂದು ಈ ಮೂಲಕ ತಿಳಿಯಪಡಿಸಲಾಗಿದೆ.' ಕೆಳಗೆ ಪ್ರತಿಗಳು: ಶಾಸಕರಿಗೆ, ತಹಶೀಲ್ದಾರರಿಗೆ, ಪೊಲೀಸ್ ಠಾಣೆಗೆ, ಗ್ರಾಮ ಪಂಚಾಯಿತಿಗೆ. ಪಂಚಾಯಿತಿ ಕಾರ್ಯದರ್ಶಿ ತಮ್ಮ ಪ್ರತಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸಿದ್ದರು.

ಮುಂದಿನ ಸಲ ಮಾವ ರಾಗಿ ತಂದಾಗ ನನ್ನನ್ನು ಏನೂ ಕೇಳಲಿಲ್ಲ. ಸುಮ್ಮನೆ ಮೂಟೆ ಇಳಿಸಿದರು. ನಮ್ಮೂರಿಗೆ ಬರುವ ಬಸ್ಸು ನಿಲ್ಲುವುದೇ ಪಂಚಾಯಿತಿ ಕಚೇರಿಯ ಮುಂದೆ.