ಅತ್ತೆಯವರ ಜಪಾನಿ ಭೂತಗಳು

ನಮ್ಮ ಅತ್ತೆಯವರು ದೆವ್ವಗಳ ಜೊತೆ ಮಾತಾಡುತ್ತಿದ್ದರು. ನಗಬೇಡಿ! ಕೋಡಿದ್ದವು, ರೆಕ್ಕೆಯಿದ್ದವು, ಎರಡು ತಲೆಯವು, ತಲೆಯೇ ಇಲ್ಲದವು, ಎಲ್ಲವನ್ನೂ ಎದುರಿಗೆ ನಿಲ್ಲಿಸಿಕೊಂಡು ಕ್ಷೇಮಸಮಾಚಾರ ವಿಚಾರಿಸುತ್ತಿದ್ದರು. ಅವರು ಮಾತಾಡಿಸದೆ ಬಿಟ್ಟ ಪ್ರಾಣಿ ಮುಂಬಯಿಯ ಇಡೀ ವಿಕ್ರೋಳಿಯಲ್ಲಿ ಒಂದೇ ಒಂದು. ಅದು ನಾನು, ಅವರ ಸೊಸೆ.

ಕಾರಣ ನಿಮಗೆ ಗೊತ್ತಾಗಿಯೇ ಇರುತ್ತದೆ. ಅವರು ಮೈಸೂರಿನವರು, ನಾನು ಧಾರವಾಡದವಳು. ಅವರ ಜಾತಿ ಒಂದು, ನನ್ನದು ಇನ್ನೊಂದು. ಫೋರ್ಟಿನ ಒಂದು ಆಫೀಸಿನಲ್ಲಿ ನಾನು ಟೈಪಿಸ್ಟ್ ಆಗಿದ್ದಾಗ, ಮಧ್ಯಾಹ್ನದ ಹೊತ್ತು ಉಡುಪಿ ಹೋಟೆಲಿನಲ್ಲಿ ಬೇರೆ ಜಾಗ ಸಿಗದೆ ನನ್ನ ಎದುರು ಬಂದು ಕೂತವರು ಇವರ ಮಗ. ಅಷ್ಟೇ ನಾನು ಮಾಡಿದ ತಪ್ಪು. ಮದುವೆ ರಿಜಿಸ್ಟರ್ ಆಯಿತು, ವಿಕ್ರೋಳಿಯ ಕಂಪನಿ ಕ್ವಾರ್ಟರ್ಸ್ ಸಿಕ್ಕಿತು, ಹಿಂದೆಯೇ ಅತ್ತೆಯವರೂ ಬಂದರು. ಅವರಿಗೆ ಮಗ ಬೇಕಿತ್ತು, ಸೊಸೆ ಬೇಡವಾಗಿತ್ತು. ಆದರೆ ಒಂದು ರೂಮ್, ಒಂದು ಕಿಚನ್ನಿನ ಮನೆಯಲ್ಲಿ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಎಲ್ಲಿ ಎಸೆಯುವುದು?

ಹಾಗಾಗಿ ಮಾತು ಬಿಟ್ಟರು. ಮಗ ಮನೆಯಲ್ಲಿದ್ದರೆ ‘ಹೇಳೋ ಅವಳಿಗೆ’ ಎಂದು ಅವರ ಮೂಲಕ. ಇಲ್ಲದಿದ್ದರೆ ಗೋಡೆಗೆ, ಪೊರಕೆಗೆ, ಕುಕ್ಕರಿಗೆ. ‘ಈ ಮನೇಲಿ ಹುಳಿಗೆ ಒಂದು ಚೂರು ಬೆಲ್ಲ ಹಾಕೋ ಪದ್ಧತಿ ಇದೆ’ ಎಂದು ಕುಕ್ಕರಿಗೆ ಹೇಳುವರು. ಕುಕ್ಕರ್ ಸಿಳ್ಳೆ ಹಾಕುವುದು. ನಾನು ಬೆಲ್ಲ ಹಾಕುವೆ. ಹೀಗೆ ಮೂವರೂ ಸಂಸಾರ ಮಾಡುತ್ತಿದ್ದೆವು.

ಇಂಥ ಮನೆಗೆ ದೆವ್ವಗಳು ಬಂದದ್ದು ವಿಮಾನದಲ್ಲಿ. ಕಂಪನಿಯವರು ನಮ್ಮವರನ್ನು ಟ್ರೇನಿಂಗಿಗೆ ಜಪಾನಿಗೆ ಕಳಿಸಿದ್ದರು. ಹೋದವರೆಲ್ಲ ಹೆಂಡತಿಗೆ ಸೀರೆ, ಟೇಪ್‌ರೆಕಾರ್ಡರ್ ತಂದರೆ, ಇವರು ಟೀವಿಗೆ ಹಚ್ಚಿ ಆಡುವ ಒಂದು ಕೆಂಪು-ಬಿಳಿ ವಿಡಿಯೋ ಗೇಮ್ ಪೆಟ್ಟಿಗೆ ತಂದರು, ಜೊತೆಗೆ ಆಟದ ಒಂದು ಕ್ಯಾಸೆಟ್ಟು. ನಮ್ಮ ಕರೆಂಟಿಗೆ ಅದು ಸುಟ್ಟುಹೋಗುತ್ತದೆಂದು ಗ್ರಾಂಟ್ ರೋಡಿನಿಂದ ರುಬ್ಬುಗುಂಡಿನಷ್ಟು ಭಾರದ ಟ್ರಾನ್ಸ್‌ಫಾರ್ಮರ್ ಹೊತ್ತು ತಂದದ್ದಾಯಿತು. ಆದರೂ ಅಲ್ಲಿಯ ಪೆಟ್ಟಿಗೆಗೂ ಇಲ್ಲಿಯ ಟೀವಿಗೂ ಹೊಂದದೆ, ನಮ್ಮ ಕಲರ್ ಟೀವಿಯಲ್ಲಿ ಚಿತ್ರ ಕಪ್ಪು-ಬಿಳುಪಾಗಿಯೇ ಮೂಡಿತು.

ಆಟದ ಕಥೆ, ನನಗೆ ಅರ್ಥವಾದಷ್ಟು, ಹೀಗೆ. ಯಾರೋ ಒಬ್ಬ ಕಾಲೇಜು ಹುಡುಗ ಕಂಪ್ಯೂಟರಿನಲ್ಲಿ ಮಂತ್ರ ಹಾಕಿ ಪಾತಾಳದ ಬಾಗಿಲು ತೆರೆದುಬಿಟ್ಟಿದ್ದಾನೆ. ಅಲ್ಲಿಂದ ಲೋಕದ ಎಲ್ಲ ದೇಶದ ದೇವರು, ದೆವ್ವ, ಯಕ್ಷ, ರಾಕ್ಷಸರೂ ಎದ್ದು ಬಂದಿದ್ದಾರೆ. ನಮ್ಮ ದೇಶದವರೂ ಇದ್ದಾರೆ! ಎದುರಾದವರನ್ನು ಕತ್ತಿಯಿಂದ ಹೊಡೆಯಬಹುದು. ಇಲ್ಲವೇ ಪರದೆಯಲ್ಲಿ ಮೂಡುವ ಸಾಲುಗಳಲ್ಲೊಂದನ್ನು ಗುಂಡಿ ಒತ್ತಿ ಆರಿಸಿ ಮಾತಾಡಿಸಬಹುದು. ಮಾತಿಗೆ ಒಲಿದ ದೆವ್ವ ನಮ್ಮ ಕಡೆಗೆ ಸೇರಿ ನಮಗಾಗಿ ಹೊಡೆದಾಡುತ್ತದೆ. ಪರದೆಯ ಮೂಲೆಯಲ್ಲಿ ಒಬ್ಬ ಚಂದ್ರ ಇದ್ದಾನೆ. ಅವನು ತುಂಬಿದಾಗ ಮಾತ್ರ ಯಾವ ದೆವ್ವವೂ ಮಾತು ಕೇಳುವುದಿಲ್ಲ. ಇದಿಷ್ಟೂ ಜಪಾನಿ ಭಾಷೆಯಲ್ಲಿ.

ನಮ್ಮವರು ಎರಡು ದಿನ ಆಡಿ ಬೇಸರವಾಗಿ ಬಿಟ್ಟರು. ಮೂರನೆಯ ದಿನ ಆಫೀಸಿಗೆ ರಜೆ ಹಾಕಿ ಮನೆಯಲ್ಲಿದ್ದ ನಾನು ನೋಡುತ್ತೇನೆ, ಅತ್ತೆಯವರು ಸ್ನಾನ ಮಾಡಿ, ಕುಂಕುಮವಿಟ್ಟು, ಮಣೆ ಹಾಕಿಕೊಂಡು ಟೀವಿಯ ಮುಂದೆ ಕೂತಿದ್ದಾರೆ! ಎದುರಿಗೆ ಕೋರೆಹಲ್ಲಿನ ಒಂದು ಪಿಶಾಚಿ. ‘ಏನಪ್ಪಾ, ಎಲ್ಲಿಂದ ಬಂದೆ? ಊಟ ಆಯ್ತಾ?’ ಎಂದು ಅದನ್ನು ಕೇಳುತ್ತಿದ್ದಾರೆ.

ಊಟ ಆಯ್ತಾ! ಸಂಜೆ ಲೋಕಲ್ ಟ್ರೇನಿನಲ್ಲಿ ಜೋತುಬಿದ್ದು ಬಂದು, ಚಪ್ಪಲಿ ಬಿಡುವ ಮೊದಲೇ ಕುಕ್ಕರ್ ಇಡುತ್ತಿದ್ದ ನನಗೆ ಆ ಮನೆಯಲ್ಲಿ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ.

ಭಾಷೆ ಬಾರದ್ದು ಅವರಿಗೆ ಅಡ್ಡಿಯೇ ಆಗಲಿಲ್ಲ. ಮರಾಠಿ ಬಾರದೆ ಸ್ಟೇಷನ್ ಮಾರ್ಕೆಟ್ಟಿನ ಭಾಜಿವಾಲಿಯಿಂದ ಕೊತ್ತಂಬರಿ ಸೊಪ್ಪನ್ನು ಪುಕ್ಕಟೆ ಇಸಿದುಕೊಂಡು ಬರುತ್ತಿದ್ದವರಲ್ಲವೇ? ಯಾವ ಮುಖದ ದೆವ್ವಕ್ಕೆ ಯಾವ ಸಾಲು ಒತ್ತಬೇಕು, ಯಾವುದು ಬರೀ ಹೆದರಿಸುತ್ತದೆ, ಯಾವುದನ್ನು ಸ್ವಲ್ಪ ಕಾಯಿಸಬೇಕು, ಎಲ್ಲ ಅವರಿಗೆ ಬೆರಳ ತುದಿಯಲ್ಲೇ ಇತ್ತು. ಕತ್ತಿಯನ್ನು ಮುಟ್ಟುತ್ತಲೇ ಇರಲಿಲ್ಲ. ಪಕ್ಕದ ಮನೆಯ ಕಾಕೂ ಇಣುಕಿ, ‘ಆಜಿ ಕುಣಾಶಿ ಬೋಲತಾತ್?’ ಎಂದು, ಅಜ್ಜಿ ಯಾರ ಜೊತೆ ಮಾತಾಡುತ್ತಿದ್ದಾರೆಂದು ಮರಾಠಿಯಲ್ಲಿ ಕೇಳಿದರೆ ನಾನು ‘ಅವರ ತವರಿನವರ ಜೊತೆ’ ಎನ್ನುತ್ತಿದ್ದೆ.

ಒಮ್ಮೆ ಪರದೆಯ ಮೇಲೆ ನಮ್ಮ ಕಾಳಿಯೇ ಬಂದು ನಿಂತಳು. ಅತ್ತೆಯವರು ಆಡುವ ಗುಂಡಿಗಳಿದ್ದ ಹಿಡಿಕೆಯನ್ನು ಕೆಳಗಿಟ್ಟು ಎರಡೂ ಕೈ ಮುಗಿದರು. ಅಮ್ಮನಿಗೇನು ಗೊತ್ತು ಇವರು ಮೈಸೂರಿನವರೆಂದು? ಅತ್ತೆಯವರ ದೆವ್ವಗಳ ಇಡೀ ಪರಿವಾರವನ್ನು ಚಚ್ಚಿಹಾಕಿದಳು. ‘ತಾಯಿ ಕೈಯಲ್ಲಿ ಹೋದವು, ಪುಣ್ಯ ಮಾಡಿದ್ವು’ ಎಂದು ಟೀವಿಗೆ ಕರ್ಪೂರ ಬೆಳಗಿ ಮೊದಲಿನಿಂದ ಶುರುಮಾಡಿದರು.

ಇದೆಲ್ಲ ಸಹಿಸಿಕೊಳ್ಳಬಹುದಿತ್ತು. ನನ್ನ ಹೊಟ್ಟೆಗೆ ಬೆಂಕಿ ಹಾಕಿದ್ದು ಮದುವೆ. ಆ ಆಟದಲ್ಲಿ ಒಂದು ಗುಡಿಯಂಥ ಜಾಗವಿದೆ. ಅಲ್ಲಿಗೆ ಎರಡು ದೆವ್ವಗಳನ್ನು ಕರೆದೊಯ್ದರೆ ಎರಡೂ ಬೆರೆತು ಮೂರನೆಯದೊಂದು ಹುಟ್ಟುತ್ತದೆ. ಅತ್ತೆಯವರು ಅಲ್ಲಿ ದಿನಾ ಸಂಬಂಧ ಕುದುರಿಸುವರು. ಹಾವಿಗೂ ಹಕ್ಕಿಗೂ, ಗಂಧರ್ವನಿಗೂ ಹೆಣ ತಿನ್ನುವುದಕ್ಕೂ! ‘ಎಷ್ಟು ಒಳ್ಳೆ ಜೋಡಿ ನೋಡೋ’ ಎಂದು ಮಗನಿಗೆ ತೋರಿಸುವರು. ಅಡುಗೆಮನೆಯಲ್ಲಿ ನಾನು ಕೈಯಲ್ಲಿದ್ದ ಸೌಟನ್ನು ಕುಕ್ಕಿ ಇಡುತ್ತಿದ್ದೆ. ಹೆಣ ತಿನ್ನುವುದಕ್ಕಿಂತ ಧಾರವಾಡದವಳು ಕಡೆಯಾದಳೇ?

ಒಂದು ದಿನ ತಡೆಯಲಾರದೆ ನಮ್ಮವರಿಗೆ ಕೇಳುವಂತೆ, ‘ಅವಕ್ಕ ಗೋತ್ರ ಕೇಳಂಗಿಲ್ಲೇನು?’ ಎಂದೆ. ಅತ್ತೆಯವರು ಗೋಡೆಗೆ ಹೇಳಿದರು: ‘ಅವು ನಮ್ಮನೇಲಿ ಅಡುಗೆ ಮಾಡೋಕೆ ಬರಲ್ಲ.’ ಅಂದು ರಾತ್ರಿ ನಾನು ಊಟ ಮಾಡಲಿಲ್ಲ. ಯಾರೂ ಗಮನಿಸಲಿಲ್ಲ.

ಇನ್ನು ರಂಗೋಲಿಯ ಯುದ್ಧ. ಆ ಪೆಟ್ಟಿಗೆಗೆ ನೆನಪಿನ ಶಕ್ತಿಯಿಲ್ಲ. ಆಟ ನಿಲ್ಲಿಸುವಾಗ ಅದು ಉದ್ದಕ್ಕೆ ಜಪಾನಿ ಅಕ್ಷರಗಳನ್ನು ತೋರಿಸುತ್ತದೆ. ಮರುದಿನ ಅವೇ ಅಕ್ಷರಗಳನ್ನು ಹಾಗೇ ಒತ್ತಿದರೆ ನಿಲ್ಲಿಸಿದಲ್ಲಿಂದ ಮುಂದುವರಿಯಬಹುದು. ಪೆನ್ನು ಹಿಡಿದರೆ ನಡುಗುತ್ತಿದ್ದ ಅತ್ತೆಯವರ ಕೈ ರಂಗೋಲಿ ಹುಡಿ ಹಿಡಿದರೆ ನಡುಗುತ್ತಿರಲಿಲ್ಲ. ಹಾಗಾಗಿ ದೇವರ ಗೂಡಿನ ಮುಂದೆ ನೆಲದ ಮೇಲೆ ಅಷ್ಟನ್ನೂ ಎಳೆಎಳೆಯಾಗಿ ಬಿಡಿಸಿಬಿಟ್ಟರು. ಬೆಳಿಗ್ಗೆ ಎದ್ದು ನಾನು, ಒಳ್ಳೆಯ ಸೊಸೆಯ ಹಾಗೆ, ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಇಡೀ ಭೂತಗಣ ನನ್ನ ಬಕೆಟ್ಟಿನಲ್ಲಿ ಮುಳುಗಿತು. ಆ ದಿನ ಪೊರಕೆ ತಿಂದ ಬೈಗುಳ ಅಷ್ಟಿಷ್ಟಲ್ಲ.

ಆಮೇಲೆ ನಾನು ಆ ಜಾಗವನ್ನು ದಾಟಿಕೊಂಡು ಓಡಾಡತೊಡಗಿದೆ. ಆದರೆ ವರಮಹಾಲಕ್ಷ್ಮಿ ಪೂಜೆಗೆ ಮಾಟುಂಗದಿಂದ ಬಂದ ಪುರೋಹಿತರು ಅದನ್ನು ನೋಡಿ, ‘ಓಹೋ, ಯಂತ್ರ ಬರೆದಿದೀರಿ! ಬಹಳ ಶಕ್ತಿ ಇದೆ ಇದರಲ್ಲಿ’ ಎಂದು ಕಣ್ಣುಮುಚ್ಚಿ ನಾಲ್ಕು ಹೂವು ಹಾಕಿ, ನೀರು ಪ್ರೋಕ್ಷಿಸಿದರು. ಮೂರು ಅಕ್ಷರ ಕರಗಿತು, ಸೈನ್ಯ ಮತ್ತೆ ಹೋಯಿತು. ಪುರೋಹಿತರನ್ನು ಬೈಯಲಾದೀತೇ? ಅವರಿಗೆ ದಕ್ಷಿಣೆ, ಬೈಗುಳ ಕುಕ್ಕರಿಗೆ.

ಹೀಗಿರುವಾಗ ಅತ್ತೆಯವರ ಕಣ್ಣಿಗೆ ಪೊರೆ ಬಂತು. ಆಪರೇಷನ್ ಆಯಿತು, ಪಟ್ಟಿ ಕಟ್ಟಿಕೊಂಡು ಮನೆಗೆ ಬಂದರು. ಇನ್ನೊಂದು ಕಣ್ಣು ಮೊದಲೇ ಮಂಜು. ನಮ್ಮವರಿಗೆ ಫ್ಯಾಕ್ಟರಿಯಲ್ಲಿ ರಜೆಯಿಲ್ಲ, ಯಾವತ್ತಿನಂತೆ ರಜೆ ಹಾಕಿದವಳು ನಾನು. ಕೈ ಹಿಡಿದು ನಡೆಸಿದೆ, ಮಾತಿಲ್ಲ. ಅನ್ನ ಕಲಸಿ ಕೈಗೆ ಕೊಟ್ಟೆ, ಮಾತಿಲ್ಲ. ‘ಉಪ್ಪು ಮುಂದಿದೆ’ ಎಂದರು, ತಟ್ಟೆಗೆ.

ಮಧ್ಯಾಹ್ನ ಟೀವಿಯ ಕಡೆ ಮುಖಮಾಡಿ ಕೂತು, ‘ಎಲ್ಲಾ ಹೇಗಿದೀರೋ ಏನೋ’ ಎಂದು ನಿಟ್ಟುಸಿರು ಬಿಟ್ಟರು. ನನಗೆ ರೇಗಿತು. ಎದ್ದು ಟೀವಿ ಹಚ್ಚಿದೆ. ಆಸ್ಪತ್ರೆಗೆ ಹೋಗುವ ಮೊದಲು ಅವರು ಬಿಡಿಸಿದ ರಂಗೋಲಿ ಹಾಗೇ ಇತ್ತು. ನಾನೇ ಅದರ ಮೇಲೆ ದೊಡ್ಡ ಪರಾತವನ್ನು ಬೋರಲು ಹಾಕಿಟ್ಟಿದ್ದೆ. ಪ್ರೀತಿಯಿಂದಲ್ಲ, ಪೊರಕೆಯ ಮೇಲಿನ ಕನಿಕರದಿಂದ. ಒಂದೊಂದೇ ಅಕ್ಷರ ನೋಡಿ ಒತ್ತಿದೆ. ಸಂಗೀತ ಶುರುವಾಯಿತು, ಅತ್ತೆಯವರ ಬೆನ್ನು ನೆಟ್ಟಗಾಯಿತು.

‘ಚಂದ್ರ ಎಷ್ಟಿದಾನೋ’ ಎಂದರು, ಟೀವಿಗೆ.

‘ಅರ್ಧ ಅದಾನ್ರಿ’ ಎಂದೆ, ನಾನೂ ಟೀವಿಗೆ.

‘ಎಂಥದು ಬಂತೋ.’

‘ಮುದುಕಿರಿ. ಮಾರಿ ಗಂಟ ಹಾಕ್ಕೊಂಡು ನಿಂತಾಳ.’ ಯಾರ ಹಾಗಿದ್ದಾಳೆಂದು ಹೇಳಲಿಲ್ಲ.

‘ಮಾತಾಡಿಸಬೇಕು.’

ಯಾವುದೋ ಸಾಲು ಒತ್ತಿದೆ. ಮುದುಕಿ ಸಿಟ್ಟಿಗೆದ್ದು ಬೆಂಕಿ ಕಾರಿದಳು. ನಮ್ಮವು ಎರಡು ಬಿದ್ದವು. ಸದ್ದಿನಲ್ಲೇ ಅತ್ತೆಯವರಿಗೆ ಗೊತ್ತಾಯಿತು.

‘ಅಯ್ಯೋ, ಒಂದು ಮುದುಕೀನ ಮಾತಾಡಿಸೋಕೆ ಬರಲ್ವೇನೇ ನಿನಗೆ!’

ನಿನಗೆ! ಗೋಡೆಗಲ್ಲ, ಪೊರಕೆಗಲ್ಲ. ಅವರೂ ತಟ್ಟನೆ ಬಾಯಿ ಮುಚ್ಚಿಕೊಂಡರು. ಇಷ್ಟು ವರ್ಷ ಕಾದದ್ದು ಬಂದಾಗ ಸಂತೋಷವಾಗಬೇಕಿತ್ತು, ಆದರೆ ನನಗೆ ಬಂದದ್ದು ಅಳು ಮತ್ತು ಸಿಟ್ಟು.

‘ಎಲ್ಲಿಂದ ಬರಬೇಕ್ರಿ ಅತ್ತಿ? ಮನ್ಯಾಗ ಒಬ್ಬಾಕಿ ಮುದುಕಿನ್ನ ಮಾತಾಡಸಾಕ ಇಷ್ಟು ವರ್ಷ ನೋಡೇನಿ. ಆಗಿಲ್ಲ.’

ಹೊರಗೆ ಲೋಕಲ್ ಹೋಯಿತು. ಆಮೇಲೆ ತಡಕಾಡುತ್ತ ಬಂದ ಅವರ ಕೈ ನನ್ನ ಕೈ ಹಿಡಿಯಿತು. ನನ್ನ ಹೆಬ್ಬೆರಳ ಮೇಲೆ ತಮ್ಮ ಹೆಬ್ಬೆರಳು ಇಟ್ಟರು.

‘ಮೊದಲು ಅದು ಬೈಯುತ್ತೆ. ಬೈಲಿ ಅಂತ ಬಿಟ್ಟುಬಿಡಬೇಕು. ಎದ್ದು ಹೋಗಬಾರದು.’

‘ಆಮ್ಯಾಲೆ?’

‘ಆಮೇಲೆ ಅದಕ್ಕೇ ಸಾಕಾಗುತ್ತೆ ಕಣೇ. ಆದರೆ ಬರ್ತೀನಿ ಅನ್ನೋಕೆ ನಾಚಿಕೆ. ಇನ್ನೊಂದು ಸಲ ನೀನೇ ಕೇಳಬೇಕು.’ ಎರಡು ಹೆಬ್ಬೆರಳೂ ಸೇರಿ ಗುಂಡಿ ಒತ್ತಿದವು.

ಹೊರಗೆ ಇನ್ನೊಂದು ಲೋಕಲ್ ಗಡಗಡಿಸುತ್ತಿದ್ದಾಗಲೇ ಪರದೆಯ ಮುದುಕಿ ಕೊನೆಯ ಸಲ ಬೆಂಕಿ ಕಾರಿದಳು. ನಮ್ಮ ಕಡೆ ಉಳಿದವೂ ಬಿದ್ದವು. ಸಂಗೀತ ನಿಂತಿತು, ಟೀವಿ ಕಪ್ಪಾಯಿತು.

‘ಬಂತೇನೇ?’ ಪಟ್ಟಿ ಕಟ್ಟಿದ ಮುಖ ನನ್ನ ಕಡೆ ತಿರುಗಿತ್ತು. ‘ಸುಮ್ಮನಾದೆಯಲ್ಲ. ನಮ್ಮ ಕಡೆ ಬಂತಾ?’

ಅವರ ಕೈ ಇನ್ನೂ ನನ್ನ ಕೈ ಮೇಲೇ ಇತ್ತು.

‘ಬಂತ್ರಿ ಅತ್ತಿ’ ಎಂದೆ.